ಶ್ರೀಗೌರಿ ಪಾಸಾದಳು

ಹೊಳೆನರಸೀಪುರ
೧೨-೧೧-೨೦೨೪, ಮಂಗಳವಾರ

ಪ್ರೀತಿಯ ಅಪ್ಪಾ,

ನಿಮ್ಮ ಹಂಸಳ ನಮಸ್ಕಾರ. ಮಂಡಿನೋವು ಹೇಗಿದೆ? ಅತ್ತಿಗೆ ಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಕಿಟಕಿ ಮೇಲಿಟ್ಟು ಮರೆತಿದ್ದೀರೋ? ಫೋನು ಬಿಟ್ಟು ಕಾಗದ ಯಾಕೆ ಅಂತ ಹುಬ್ಬೇರಿಸಬೇಡಿ. ಫೋನಿನಲ್ಲಿ ನಾನು ಏನು ಕೇಳಿದರೂ ನೀವು "ಊಟ ಆಯ್ತಮ್ಮ" ಅಂತೀರಿ. ಮೊನ್ನೆ ಮಗುವಿಗೆ ಜ್ವರ ಅಂದೆ, ಅದಕ್ಕೂ ನಿಮ್ಮ ಊಟ ಆಗಿತ್ತು.

ಮೊದಲು ಸಮಾಧಾನದ ಸುದ್ದಿ. ನಿಮ್ಮ ಮೊಮ್ಮಗಳಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ. ನಿನ್ನೆ ಹಾಸನದಲ್ಲಿ ಪರೀಕ್ಷೆ ಮಾಡಿಸಿದೆವು. ನನಗೆ ಭಯ ಹುಟ್ಟಿದ್ದು ನಾಮಕರಣದ ದಿನ. ಮಗುವಿನ ಕಿವಿಯಲ್ಲಿ ಮೆಲ್ಲಗೆ ಹೆಸರು ಹೇಳಿ ಅಂದರೆ, ನೀವು "ಶ್ರೀಗೌರಿ" ಅಂತ ಬೀದಿಗೇ ಕೇಳಿಸುವ ಹಾಗೆ ಕೂಗಿದಿರಿ. ನೆಂಟರೆಲ್ಲ ನಕ್ಕರು, ಮಗು ಮಿಸುಕಲಿಲ್ಲ. "ಎಣ್ಣೆನೀರು ಹಾಕಿದ ಕೂಸು ಕಣೇ, ನಿದ್ದೆ ಜೋರು" ಅಂದರು ನಮ್ಮತ್ತೆ. ಅಮ್ಮ ಇಲ್ಲವೆಂದು ತಾವೇ ಬಾಣಂತನ ಮಾಡಿದವರು, ಅವರ ಮಾತು ನಂಬಬೇಕಿತ್ತು. ಆದರೆ ನಮ್ಮ ಮನೆಗೂ ದೇವಸ್ಥಾನಕ್ಕೂ ಒಂದೇ ಗೋಡೆ ಅಲ್ಲವಾ. ಮಾವ ಮಂಗಳಾರತಿ ಎತ್ತಿದರೆ ಜಾಗಟೆ ಸದ್ದಿಗೆ ಅಡಿಗೆಮನೆಯ ಲೋಟಗಳು ನಡುಗುತ್ತವೆ. ಆಗ ಮಗುವಿನ ಮುಖವನ್ನೇ ನೋಡುತ್ತ ಕೂತೆ. ರೆಪ್ಪೆ ಅಲ್ಲಾಡಲಿಲ್ಲ. ಹತ್ತು ದಿನ ಹೀಗೇ ನೋಡಿದೆ, ನಿದ್ದೆಗೆಟ್ಟೆ. ಕೊನೆಗೆ ಅತ್ತೆಯ ಎದುರು "ನಮ್ಮಪ್ಪನ ಕಿವೀನೇ ಇದಕ್ಕೂ ಬಂದಿದೆ" ಅಂದುಬಿಟ್ಟೆ ಅಪ್ಪಾ, ಸಿಟ್ಟಿನಲ್ಲೇ ಅಂದೆ. ಅತ್ತೆ "ಅವರೇನು ಬೇಕೂಂತ ತಂದ್ಕೊಂಡರಾ?" ಅಂತ ಗದರಿಸಿದರು.

ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡುವ ಹುಡುಗಿ "ಮಗು ಮಲಗಿದ ಮೇಲೆ ಕರೀರಿ. ಮಿಷಿನ್ನಲ್ಲಿ ಪಾಸ್ ಅಂತ ಬಂದರೆ ಮುಗೀತು" ಅಂದಳು. ಬೆಂಚಿನ ಮೇಲೆ ಕೂತು ಮಗುವನ್ನು ತಟ್ಟುತ್ತ ನಿಮ್ಮ ಇಂಗ್ಲಿಷ್ ಕ್ಲಾಸು ನೆನೆದೆ. ಪಾಸ್ ಅನ್ನುವ ಒಂದು ಮಾತಿಗೆ ನೀವು ಬೋರ್ಡು ತುಂಬಿಸುತ್ತಿದ್ದಿರಿ. ಬೆಟ್ಟಗಳ ನಡುವಿನ ದಾರಿಯೂ ಪಾಸ್, ಚೆಂಡು ದಾಟಿಸುವುದೂ ಪಾಸ್. ಕಡೇ ಬೆಂಚಿನ ನಟರಾಜ "ಟೈಮ್ ಪಾಸ್ ಬಿಟ್ಬುಟ್ರಲ್ಲ ಸಾ" ಅಂದದ್ದಕ್ಕೆ ಅವನ ಕೈಯಲ್ಲೇ ಬರೆಸಿದಿರಿ. ನನಗಂತೂ ಪಾಸ್ ಅಂದರೆ ಅರಕಲಗೂಡಿನಿಂದ ಹಾಸನದ ಕಾಲೇಜಿಗೆ ಬಸ್ ಪಾಸು, ಅದನ್ನು ಎರಡು ಸಲ ಕಳೆದುಕೊಂಡು ನಿಮ್ಮಿಂದ ಬೈಸಿಕೊಂಡದ್ದು. ಒಂದು ಅರ್ಥ ಮಾತ್ರ ನೀವು ಬರೆಯಲೇ ಇಲ್ಲ. ಅಮ್ಮ ಹೋದ ದಿನ ಡಾಕ್ಟರು ಹೊರಗೆ ಬಂದು "ಪಾಸ್ಡ್ ಅವೇ" ಅಂದರಲ್ಲ, ಅದು. ನಿನ್ನೆ ಆ ಹುಡುಗಿಯ ಬಾಯಲ್ಲಿ ಅದೇ ಮಾತು ಕೇಳಿ ಮಗುವನ್ನು ಇನ್ನಷ್ಟು ಅವುಚಿಕೊಂಡೆ.

ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಕಟ್ಟಾಯದ ಮಾಯಮ್ಮ ಅನ್ನುವವರ ಕೈಯಿಂದ ಟಿಫಿನ್ ಡಬ್ಬಿಯ ಮುಚ್ಚಳ ಠಣ್ ಅಂತ ಬಿತ್ತು. ಶ್ರೀಗೌರಿ ಎರಡೂ ಕೈ ಎತ್ತಿ ಬೆಚ್ಚಿಬಿದ್ದು ಕಿರುಚಿದಳು. ಮಾಯಮ್ಮ "ಅಯ್ಯೋ, ತಪ್ಪಾಯ್ತು ಕಣವ್ವ" ಅನ್ನುತ್ತಿದ್ದರೆ ನಾನು ಅವರ ಕೈ ಹಿಡಿದು ಅಳುತ್ತಲೇ ನಗುತ್ತಿದ್ದೆ. ಜಾಗಟೆ ಕತೆ ಹೇಳಿದೆ. "ಅದ್ರಾಗೇನೈತೆ? ಒಟ್ಟೇಲಿದ್ದಾಗಿಂದ ದಿನಾ ಕೇಳೈತೆ ಮಗ, ಅದ್ಕೇನು ಬೆಚ್ಚಾದು? ನನ್ ಡಬ್ಬಿ ಸದ್ದು ಒಸದು ಕಣವ್ವ!" ಅಂದರು. ಒಂಬತ್ತು ತಿಂಗಳು ಗೋಡೆಯ ಈಚೆ ಕೂತು ದಿನಕ್ಕೆರಡು ಸಲ ಅದೇ ಜಾಗಟೆ ಕೇಳಿದವಳು ನಾನು, ನನಗೆ ಹೊಳೆಯಲಿಲ್ಲ ನೋಡಿ! ಆಮೇಲೆ ಶ್ರೀಗೌರಿ ಹಾಲು ಕುಡಿದು ಮಲಗಿದಳು. ಆ ಹುಡುಗಿ ಕಿವಿಗೆ ಸಣ್ಣದೊಂದು ಬಿರಡೆಯಂಥದ್ದು ಇಟ್ಟಳು. ಎರಡು ಕಿವಿಗೂ ಪಾಸ್ ಅಂತ ಬಂತು. ನಿಮ್ಮ ಬೋರ್ಡಿಗೆ ಈ ಅರ್ಥವನ್ನೂ ಸೇರಿಸಿಕೊಳ್ಳಿ. ನಿನ್ನೆ ನಾನು ಎಂಥ ನಿದ್ದೆ ಮಾಡಿದೆನೆಂದರೆ, ಮಗು ಅತ್ತದ್ದು ನನಗೇ ಕೇಳಿಸಲಿಲ್ಲವಂತೆ.

ಅಣ್ಣ ಅತ್ತಿಗೆಯರನ್ನು ಕೇಳಿದೆ ಅಂತ ಹೇಳಿ. ಸಿಟ್ಟಿನ ಮಾತು ಮನಸ್ಸಿಗೆ ಹಚ್ಚಿಕೊಳ್ಳದೆ ನನ್ನನ್ನೂ ಕೂಸನ್ನೂ ಹರಸಿ.

ನಿಮ್ಮ ಮಗಳು,
ಹಂಸ

ತಾ.ಕ.: ಮಗು ಏಳುತ್ತಿದೆ, ಬೇಗ ಬರೆಯುತ್ತೇನೆ. ಪರೀಕ್ಷೆ ಮಾಡಿದ ಆ ಹುಡುಗಿಯ ಹತ್ತಿರ ಇದೇ ೨೧ನೇ ತಾರೀಕು ಗುರುವಾರ ಹನ್ನೊಂದು ಗಂಟೆಗೆ ನಿಮ್ಮ ಹೆಸರನ್ನೂ ಬರೆಸಿದ್ದೇನೆ. ಅಣ್ಣ ಕರೆತರುತ್ತಾನೆ, ನೆಪ ಹೇಳಬೇಡಿ. ಪಾಸಾಗದಿದ್ದರೂ ಪರವಾಗಿಲ್ಲ, ಕಿವಿಗೆ ಮಿಷಿನ್ ಹಾಕಿಸೋಣ. ಶ್ರೀಗೌರಿ ಈಚೆಗೆ "ಅವೂ" ಅಂತಾಳೆ, ತುಂಬ ಮೆಲ್ಲಗೆ. ಅದನ್ನು ನಾನು ಕಾಗದದಲ್ಲಿ ಬರೆದು ಕಳಿಸಲಾರೆ ಅಪ್ಪಾ.