ಬಿದ್ದ ಕತ್ತರಿ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದರೆ ಕೇಳುವವಳಲ್ಲ ನೀನು. ಕಣ್ಣಿಗೆ ಔಷಧಿಯನ್ನಾದರೂ ಬಿಟ್ಟುಕೊಳ್ಳುತ್ತಿದ್ದೀಯಾ? ಫೋನು ಬಿಟ್ಟು ಕಾಗದ ಬರೆಯುತ್ತಿದ್ದಾನಲ್ಲ ಎಂದು ಗಾಬರಿಯಾಗಬೇಡ. ಫೋನು ಹಿಡಿದರೆ ನನ್ನ ಹೆಂಡತಿ ಪಕ್ಕಕ್ಕೇ ಬಂದು ಕೂರುತ್ತಾಳೆ.

ಬೆನ್ನಿನ ಆಪರೇಷನ್ ಆದಮೇಲೂ ಸೊಂಟದಿಂದ ಎಡಗಾಲಿನ ಹಿಮ್ಮಡಿಯವರೆಗೆ ಬೆಂಕಿ ಇಟ್ಟಂತೆ ಉರಿಯುತ್ತಿದ್ದುದು ನಿನಗೆ ಗೊತ್ತೇ ಇದೆ. ಮಾತ್ರೆ, ಇಂಜೆಕ್ಷನ್ ಯಾವುದಕ್ಕೂ ಜಗ್ಗಲಿಲ್ಲ. ಈಗ ಡಾಕ್ಟರು ಬೆನ್ನುಹುರಿಯ ಪಕ್ಕಕ್ಕೆ ಸೂಜಿಯ ಮೂಲಕ ಎರಡು ತೆಳು ತಂತಿ ತೂರಿಸಿದ್ದಾರೆ. ಅವು ಬೆನ್ನಿನಿಂದ ಹೊರಬಂದು ಸೊಂಟಪಟ್ಟಿಯಲ್ಲಿರುವ ಪುಟ್ಟ ಪೆಟ್ಟಿಗೆಗೆ ಸೇರಿವೆ. ಅದು ಕಳಿಸುವ ಸಣ್ಣ ಕರೆಂಟು ನೋವನ್ನು ಮಿದುಳಿಗೆ ಹೋಗಗೊಡುವುದಿಲ್ಲವಂತೆ. ಇದು ಒಂದು ವಾರದ ಪರೀಕ್ಷೆ ಅಷ್ಟೆ. ನೋವು ಅರ್ಧದಷ್ಟಾದರೂ ಇಳಿದರೆ ಯಂತ್ರವನ್ನು ಚರ್ಮದೊಳಗೆ ಕಾಯಂ ಇಡುತ್ತಾರೆ, ಇಲ್ಲದಿದ್ದರೆ ತಂತಿ ತೆಗೆದು ಮನೆಗೆ ಕಳಿಸುತ್ತಾರೆ. ತೂರಿಸುವಾಗ ನನ್ನನ್ನು ಎಚ್ಚರವಾಗಿಯೇ ಮಲಗಿಸಿ, "ಜುಮ್ ಅನ್ನೋದು ಎಲ್ಲಿ ಗೊತ್ತಾಗ್ತಿದೆ ಹೇಳಿ" ಎಂದು ಕೇಳುತ್ತಿದ್ದರು. ತಪ್ಪು ಜಾಗ ಹೇಳಿಬಿಟ್ಟರೆ ಗತಿಯೇನು ಎಂದು ಎರಡೆರಡು ಸಲ ಯೋಚಿಸಿ ಹೇಳಿದೆ.

ಮೊದಲೆರಡು ದಿನ ಕಾಲಿನಲ್ಲಿ ಇರುವೆ ಹರಿದಂತಾಯಿತೇ ಹೊರತು ಉರಿಯೇ ಇರಲಿಲ್ಲ, ಅಕ್ಕಾ. ಅಂಗಡಿಗೆ ಹೋಗಿ, ಟೇಬಲ್ಲಿನ ಮುಂದೆ ನಿಂತೇ ಒಂದು ಕೋಟಿನ ಬಟ್ಟೆಯನ್ನು ಪೂರ್ತಿ ಕತ್ತರಿಸಿದೆ. ಇವಳು ಬಾಗಿಲಲ್ಲಿ ನಿಂತು ನೋಡಿ ಅತ್ತೇಬಿಟ್ಟಳು. ಆಮೇಲೆ, "ನಮ್ಮನೆಯವ್ರು ಎದ್ದು ನಿಂತ್ರು, ಇನ್ನು ಅಂಗಡಿ ಮಾರೋ ಮಾತೇ ಇಲ್ಲ" ಎಂದು ಬೀದಿಗೆಲ್ಲ ಸಾರಿಕೊಂಡು ಬಂದಳು. ತುಕ್ಕು ಹಿಡಿಯುತ್ತಿದ್ದ ಹೊಲಿಗೆ ಯಂತ್ರಕ್ಕೆ ಎಣ್ಣೆಯನ್ನೂ ಬಿಟ್ಟಳು.

ನಾಳೆ ಬೆಳಗ್ಗೆ ಆಸ್ಪತ್ರೆಗೆ ಹೋಗಬೇಕು. ಡಾಕ್ಟರು ಕೇಳುತ್ತಾರೆ, ನಾನು ಹೇಳಬೇಕು. ತುಂಬಾ ಹೆದರಿಕೆಯಾಗುತ್ತಿದೆ. ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಈ ಮಾವನ ಆಶೀರ್ವಾದ. ಅವರ ಅಂಗಿಗಳಿಗೆ ಗುಂಡಿ ಹಚ್ಚುವುದೊಂದು ಬಾಕಿ ಇದೆ.

ನಿನ್ನ ತಮ್ಮ,
ಮೊಂಡ

ತಾ.ಕ.: ಕೆಳಗಿನ ಮನೆಯ ಬಸ್ ಡ್ರೈವರು ಹೊರಟು ನಿಂತಿದ್ದಾರೆ, ಇವತ್ತೇ ಇದನ್ನು ನಿನ್ನ ಕೈಗೆ ಕೊಡುತ್ತಾರೆ. ಮೂರನೇ ದಿನ ಅಂಗಡಿಯಲ್ಲಿ ದೊಡ್ಡ ಕತ್ತರಿ ಟೇಬಲ್ಲಿನಿಂದ ಜಾರಿತು. ಬಗ್ಗಬೇಡಿ, ತಂತಿ ಸರಿಯುತ್ತದೆ ಎಂದು ಡಾಕ್ಟರು ನೂರು ಸಲ ಹೇಳಿದ್ದರು. ಆದರೆ ಅಲಗು ಹಾಳಾಗುತ್ತದೆಂದು ಕೈ ತಾನಾಗಿಯೇ ಹೋಯಿತು, ಬಗ್ಗಿ ಹಿಡಿದೇಬಿಟ್ಟೆ. ಅಂದಿನಿಂದ ಜುಮ್ಮೆನ್ನುವುದು ಪಕ್ಕೆಯಲ್ಲಿ, ಉರಿ ಮತ್ತೆ ಕಾಲಲ್ಲಿ. ಇವಳಿಗೆ ಹೇಳಿಲ್ಲ, ಹಲ್ಲು ಕಚ್ಚಿಕೊಂಡು ಓಡಾಡುತ್ತಿದ್ದೇನೆ. ನಿಜ ಹೇಳಿದರೆ ಸರಿಪಡಿಸುತ್ತಾರೋ, ಕಿತ್ತೇಹಾಕುತ್ತಾರೋ ಗೊತ್ತಿಲ್ಲ. ಹೇಳದಿದ್ದರೆ ಕೆಲಸಕ್ಕೆ ಬಾರದ ಯಂತ್ರ ಮೈಯೊಳಗೇ ಉಳಿಯುತ್ತದೆ. ಇವಳ ಮುಖ ನೋಡಿದರೆ ನನ್ನ ಬಾಯಿಂದ "ಚೆನ್ನಾಗಿದೆ" ಎಂದೇ ಬರುತ್ತದೆ, ಅಕ್ಕಾ. ನಾಳೆ ಮೊದಲ ಬಸ್ಸಿಗೇ ಬಾ. ನಾನು ಸುಳ್ಳು ಹೇಳಹೊರಟರೆ, ಡಾಕ್ಟರು ಎದುರಿಗಿದ್ದರೂ ಸರಿ, ಚಿಕ್ಕಂದಿನ ಹಾಗೆ ಕಿವಿ ಹಿಂಡು.