ಮೂರನೇ ಗೇರಿನ ಸದ್ದು

ಮುರಳಿಯವರಿಗೆ ನಮಸ್ಕಾರ,

ತೀರಿಕೊಂಡ ನನ್ನ ತಮ್ಮ ಪ್ರಭುವಿನ ಸ್ಪೋರ್ಟ್ಸ್ ಕಾರಿಗೆ ನೀವು ಹೊಸ ಕ್ಲಚ್, ಹೊಸ ಗೇರ್‌ಬಾಕ್ಸ್ ಹಾಕಿಕೊಟ್ಟಿರಿ. ಮೂರನೇ ಗೇರಿನಲ್ಲಿ ಬರುತ್ತಿದ್ದ ಗುಂಯ್ ಎನ್ನುವ ಸದ್ದು ಪೂರ್ತಿ ನಿಂತಿದೆ. ನಿಮ್ಮ ಕೆಲಸದಲ್ಲಿ ಏನೂ ಕೊರತೆಯಿಲ್ಲ.

ಭಾನುವಾರ ಅವ್ವನನ್ನು ಕೂರಿಸಿಕೊಂಡು ನಾಗಸಂದ್ರದ ಕಡೆ ಹೊರಟಿದ್ದೆ. ಮೂರನೇ ಗೇರು ಹಾಕಿದಾಗ ಅವಳು ಡ್ಯಾಶ್‌ಬೋರ್ಡಿನ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ಕಾದಳು.

"ಪ್ರಭು ಯಾಕ ಇವತ್ತ ಮಾತಾಡವಲ್ಲ?" ಎಂದಳು.

ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ. ಸುತ್ತಾಡಲು ಹೋಗೋಣವೆಂದು ಪ್ರತಿ ವಾರ ಅವಳು ಹಟ ಹಿಡಿಯುತ್ತಿದ್ದುದು ಯಾಕೆಂದು ಆಗ ತಿಳಿಯಿತು. ಈಗ ಕಾರು ಹತ್ತಲು ಒಲ್ಲೆ ಎನ್ನುತ್ತಾಳೆ.

ನೀವು ಬಿಚ್ಚಿಟ್ಟ ಹಳೆಯ ಗೇರ್‌ಬಾಕ್ಸ್ ಪೀಣ್ಯದ ಗುಜರಿಗೆ ಹೋಗಿರದಿದ್ದರೆ, ದಯವಿಟ್ಟು ಅದನ್ನೇ ಮತ್ತೆ ಜೋಡಿಸಿ. ಓಡಿಸಲು ಅಪಾಯವಿಲ್ಲದಷ್ಟು ಮಾತ್ರ ರಿಪೇರಿ ಮಾಡಿ, ಸದ್ದನ್ನು ಹಾಗೇ ಬಿಡಿ. ಈ ಸಲ ನಾನೂ ಕಿವಿಗೊಟ್ಟು ಕೇಳಬೇಕು.

ಇಂತಿ,
ಶಾಂಭವಿ