ಪ್ರಾರ್ಥನಾಲಯದ ಒಂಬತ್ತು ಕುಣಿಗಳು

ಹೊಸಕೇರಿ, ಇಳಕಲ್ ಹತ್ತಿರ
೧೧ ಫೆಬ್ರುವರಿ ೧೯೦೪

ಧಾರವಾಡದಲ್ಲಿ ಸುಖವಾಗಿರುವ ಉಪದೇಶಿ ಅಂದಪ್ಪನವರಿಗೆ, ಇಲ್ಲಿ ಮನೆ ಕಾಯುತ್ತಿರುವ ಹೆಂಡತಿಯ ವಂದನೆಗಳು.

ಗಂಡನ ಹೆಸರು ಹಿಡಿದು ಬರೆದೆನೆಂದು ಸಿಟ್ಟಾಗಬೇಡಿ. ನಿಮ್ಮ ಪತ್ರದಲ್ಲಿ ಆ ಹೆಸರು ಏಳು ಸಲ ಬಂದಿದೆ, ಓದಿ ಓದಿ ನನಗೂ ರೂಢಿಯಾಯಿತು. ನಮ್ಮ ಸಭೆ ನಾಲ್ಕೇ ತಿಂಗಳಲ್ಲಿ ಹನ್ನೊಂದು ಜನದಿಂದ ಅರವತ್ತಕ್ಕೆ ಬೆಳೆಯಿತೆಂದು ದೊಡ್ಡ ಪಾದ್ರಿಸಾಹೇಬರು ಎಲ್ಲರೆದುರು ನಿಮ್ಮ ಬೆನ್ನು ತಟ್ಟಿದರಂತೆ. ಅದನ್ನು ಹೇಗೆ ಬೆಳೆಸಿದಿರೆಂದು ಮುಂದಿನ ಕೂಟದಲ್ಲಿ ನೀವು ಓದಿ ಹೇಳಬೇಕಂತೆ. ಅದಕ್ಕೆ ವಿವರ ಬರೆದು ಕಳಿಸೆಂದು ನನಗೆ ಅಪ್ಪಣೆ. ಬೆಳೆಸಿದವರಿಗೇ ಬೆಳೆಸಿದ ಬಗೆ ಗೊತ್ತಿಲ್ಲ! ಇರಲಿ, ಬರೆಯುತ್ತೇನೆ. ಕನ್ನಡಕ ಹಾಕಿಕೊಂಡು ಓದಿ.

ನೀವು ಹೋದದ್ದು ದಸರೆ ಮುಗಿದ ವಾರ, ಊರಲ್ಲಿ ಇಲಿ ಬೀಳತೊಡಗಿದ ಮೂರನೆಯ ದಿನ. ಧಾರವಾಡದಿಂದ ತುರ್ತು ಕರೆ ಬಂದಿದೆ ಎಂದಿರಿ. ಆ ಕರೆ ಯಾವ ಟಪಾಲಿನಲ್ಲಿ ಬಂತೋ, ನಾನು ಕಾಣಲಿಲ್ಲ. ಪ್ಲೇಗಿಗೆ ಹೆದರಿ ಜನರೂ ಮನೆ ಬಿಟ್ಟರು, ಆದರೆ ಅವರಿಗೆ ಧಾರವಾಡ ಇರಲಿಲ್ಲ. ಕಲ್ಲುಗಣಿಯ ಬಯಲಲ್ಲಿ ಗುಡಿಸಲು ಹಾಕಿಕೊಂಡರು.

ಇಲ್ಲಿಯವರ ಮಗ್ಗ ನೆಲದಲ್ಲಿ ಕುಣಿ ತೋಡಿ ಕೂಡಿಸುವಂಥದ್ದು. ನೇಯುವವರು ಅದರೊಳಗೆ ಕಾಲು ಇಳಿಬಿಟ್ಟು ಕೂತು ತುಳಿಯಬೇಕು. ಗಣಿಯ ಬಯಲಲ್ಲಿ ಗೇಣು ಮಣ್ಣಿನ ಕೆಳಗೆ ಬರೀ ಕೆಂಪು ಕಲ್ಲು, ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. ಮಗ್ಗ ನಿಂತ ಹದಿನೈದು ದಿನಕ್ಕೆ ಒಲೆಗಳೂ ನಿಂತವು.

ಊರ ಹೊರಗೆ ಮಣ್ಣಿನ ನೆಲ ಮತ್ತು ಮೇಲೊಂದು ಸೂರು ಇದ್ದದ್ದು ನಿಮ್ಮ ಪ್ರಾರ್ಥನಾಲಯಕ್ಕೆ ಮಾತ್ರ. ನೇಯ್ದು ಬದುಕುವ ವಿಧವೆ ಸಿದ್ದವ್ವ ಬಂದು ಬಾಗಿಲಲ್ಲಿ ನಿಂತಳು. "ಅವ್ವಾರ, ಒಂದು ಮಗ್ಗದಷ್ಟು ನೆಲಾ ಕೊಡ್ರಿ. ನಿಮ್ಮ ದೇವರ ಮುಂದ ಕಾಲು ಇಳಿಬಿಟ್ಟು ಕುಂದರೂದು ನಡೀತದೋ ಇಲ್ಲೋ, ನೀವ ಕೇಳಿ ಹೇಳ್ರಿ" ಎಂದಳು. ನಾನು ದೇವರನ್ನೂ ಕೇಳಲಿಲ್ಲ, ನಿಮ್ಮನ್ನೂ ಕೇಳಲಿಲ್ಲ. ಹಾರೆ ತಂದುಕೊಟ್ಟೆ. ಸಿದ್ದವ್ವನಿಗೆ ಇಲ್ಲ ಅನ್ನುವ ಬಾಯಿ ನನಗಿಲ್ಲ. ಯಾಕೆಂದು ಇಲ್ಲಿ ಬರೆಯುವುದಿಲ್ಲ. ಅವಳ ಹಿಂದೆ ಉಳಿದವರು ಬಂದರು, ತಿಂಗಳೊಳಗೆ ಒಂಬತ್ತು ಕುಣಿಗಳಾದವು.

ರವಿವಾರವೂ ಅವರನ್ನು ಎಬ್ಬಿಸಲಿಲ್ಲ. ಅರ್ಧ ತಾಸು ಲಾಳಿ ನಿಲ್ಲಿಸಿರಿ ಎಂದು ಕೇಳಿಕೊಂಡು, ಸ್ವಾಮಿ ಹಸಿದವರಿಗೆ ರೊಟ್ಟಿ ಹಂಚಿದ ಕಥೆ ಓದಿದೆ. ಮುದುಕ ಹುಲ್ಲಪ್ಪ ಕುಣಿಯೊಳಗಿಂದಲೇ, "ಅವ್ವಾರ, ರೊಟ್ಟಿ ಕೊಡೂಕಿಂತ ಮೊದಲ ನೀವು ಯಾರ ಪೈಕಿ ಅಂತ ಕೇಳಿದ್ನೇನ್ರಿ ಅವಾ?" ಎಂದ. ಕೇಳಲಿಲ್ಲ ಎಂದೆ. ಮುಂದಿನ ವಾರ ಹೆಂಡತಿ, ಸೊಸೆಯರನ್ನೆಲ್ಲ ಕರೆತಂದ. ಏಳು ವರ್ಷ ನೀವು ಇದೇ ಹುಲ್ಲಪ್ಪನಿಗೆ ನರಕದ ಬೆಂಕಿಯ ಉದ್ದಗಲ ಹೇಳಿದ್ದಿರಿ. ಅವನು ಗೋಡೆಗೆ ಒರಗಿ ಗೊರಕೆ ಹೊಡೆದಿದ್ದ.

ಇನ್ನು ನಿಮ್ಮ ಅರವತ್ತು. ಹಳೆಯ ಹನ್ನೊಂದು ಜನರನ್ನು ಬಿಟ್ಟರೆ, ದೀಕ್ಷಾಸ್ನಾನ ಕೇಳಿದವರು ಹದಿನಾಲ್ಕು ಜನ. ಉಳಿದವರ ಕೊರಳಲ್ಲಿ ಲಿಂಗ ಇದ್ದಲ್ಲೇ ಇದೆ, ನಾನು ತೆಗೆಯೆಂದಿಲ್ಲ. ಲಾಳಿಗೆ ನೂಲಿನ ಕಂಡಿಕೆ ಸುತ್ತುವ ಅಮೀನಬಿ ಹೊತ್ತಿಗೆ ಸರಿಯಾಗಿ ಎದ್ದು ನಮಾಜು ಮಾಡಿ ಬರುತ್ತಾಳೆ. ಹೋದ ಪತ್ರದಲ್ಲಿ ಕುಣಿಗಳ ಸುದ್ದಿಯ ಜೊತೆ ನಾನು ತಲೆ ಎಣಿಸಿ ಬರೆದದ್ದು ಅಷ್ಟು ಜನಕ್ಕೆ ಜೋಳ ಬೇಕೆಂದು. ಜೋಳ ಬರಲಿಲ್ಲ, ಹೊಗಳಿಕೆ ಬಂತು, ಅದೂ ನಿಮಗೆ. ಅಮೀನಬಿಯನ್ನೂ ಕ್ರೈಸ್ತಳೆಂದು ಬರೆಸಿಬಿಟ್ಟಿದ್ದೀರಿ. ಅವಳಿಗೆ ಹೇಳಿದರೆ, "ಹೌದೇನ್ರಿ? ಅವತ್ತು ನಾ ಎಲ್ಲಿ ಹೋಗಿದ್ದೆ?" ಎಂದು ನಕ್ಕಳು.

ಈಗ ನಿಮ್ಮ ಎರಡನೆಯ ಅಪ್ಪಣೆ. ಇದೇ ಇಪ್ಪತ್ತೆರಡಕ್ಕೆ ಪಾದ್ರಿಸಾಹೇಬರನ್ನು ಕರೆತರುತ್ತೀರಿ; ಅಷ್ಟರಲ್ಲಿ ಕುಣಿ ಮುಚ್ಚಿಸಿ, ನೆಲ ಸಾರಿಸಿ, ಬೆಂಚು ಹಾಕಿಸಬೇಕು; ಅವರು ಹೋದ ಮೇಲೆ ಬೇಕಾದರೆ ಮತ್ತೆ ತೋಡಿಕೊಳ್ಳಲಿ. ನೇಕಾರರ ಊರಲ್ಲಿ ಏಳು ವರ್ಷ ಉಂಡವರು ಆಡುವ ಮಾತೇ ಇದು? ಮಗ್ಗವೇನು ಎತ್ತಿ ಅತ್ತ ಇಡುವ ಬೆಂಚೇ? ಒಂಬತ್ತರ ಮೇಲೂ ಉದ್ದೆಳೆಯ ಹಾಸು ಏರಿದೆ, ಒಂದೊಂದು ಹಾಸಿನಲ್ಲಿ ಮೂರು ಮೂರು ಸೀರೆ. ನಡುವೆ ಬಿಚ್ಚಿದರೆ ಎಳೆ ಸಿಕ್ಕಾಗಿ ಮೂರೂ ಹಾಳು, ಒಂಬತ್ತು ಮನೆಯವರು ಮತ್ತೆ ಉಪವಾಸ. ನಿಮ್ಮ ನೆಲ ಒಂದು ದಿನ ಸಾಹೇಬರ ಕಣ್ಣಿಗೆ ಚೆಂದ ಕಾಣಲೆಂದು! ನಿಮ್ಮ ಬೆಂಚುಗಳೂ ಇಲ್ಲ, ಚಳಿಯಲ್ಲಿ ಗುಡಿಸಲಿನವರು ಒಡೆದು ಬೆಂಕಿ ಕಾಯಿಸಿಕೊಂಡರು. ಪ್ರಸಂಗದ ಮೇಜು ಉಳಿದಿದೆ, ಅದರ ಮೇಲೆ ನೂಲು ಇಡುತ್ತೇವೆ.

ಕುಣಿ ಮುಚ್ಚಿಸುವುದಿಲ್ಲ. ಹೆಚ್ಚಿಗೆ ಬರೆಯಲು ಮನಸ್ಸಿಲ್ಲ.

ಇಂತಿ,
ನೀವು ಬಿಟ್ಟುಹೋದಲ್ಲೇ ಇರುವ
ಸುಂದರವ್ವ

ತಾ. ಕ.: ಸಿದ್ದವ್ವನ ವಿಷಯ ಬರೆಯುವುದಿಲ್ಲ ಎಂದಿದ್ದೆ, ಬರೆದೇ ಬಿಡುತ್ತೇನೆ. ನೀವು ಹೊರಟ ಬೆಳಿಗ್ಗೆ ನನ್ನ ಕಂಕುಳಲ್ಲಿ ಗಂಟು ಎದ್ದಿತ್ತು. ಕೈ ಎತ್ತಿ ನಿಮಗೆ ತೋರಿಸಿದೆ. ನೀವು ನೋಡಿದಿರಿ. ನೀರಿನ ಚರಿಗೆಯನ್ನು ಕಾಲಿನಿಂದ ನನ್ನ ಹಾಸಿಗೆಯ ಕಡೆ ಸರಿಸಿದಿರಿ. ಧಾರವಾಡದ ಕರೆಯ ಮಾತು ತೆಗೆದದ್ದು ಆಮೇಲೆ. ಹನ್ನೊಂದು ದಿನ ಆ ಗಂಟಿಗೆ ಬೇವು ಅರೆದು ಕಟ್ಟಿ, ಗಂಜಿ ಕುಡಿಸಿದವಳು ಸಿದ್ದವ್ವ. ನಿಮ್ಮ ಯಜಮಾನರು ಎಲ್ಲಿ ಎಂದು ಅವಳು ಕೇಳಿದಾಗ, ನನಗೆ ಜ್ವರ ಬರುವ ಮೊದಲೇ ಹೋಗಿದ್ದರು, ಅವರಿಗೆ ಗೊತ್ತಿಲ್ಲ ಎಂದೆ. ಊರೆಲ್ಲ ಅದನ್ನೇ ನಂಬಿದೆ. ಇಪ್ಪತ್ತೆರಡರಂದು ಒಂಬತ್ತೂ ಮಗ್ಗ ನಡೆಯುತ್ತಿದ್ದರೆ ಪಾದ್ರಿಸಾಹೇಬರಿಗೂ ಅದನ್ನೇ ಹೇಳುತ್ತೇನೆ. ನೀವು ಒಂದು ಕುಣಿಗೆ ಒಂದು ಬುಟ್ಟಿ ಮಣ್ಣು ಹಾಕಿಸಿದರೂ, ಸಭೆ ಹೇಗೆ ಬೆಳೆಯಿತೆಂದು ಸಾಹೇಬರೆದುರು ನಾನೇ ಹೇಳುತ್ತೇನೆ, ಆ ನೀರಿನ ಚರಿಗೆಯಿಂದ ಮೊದಲುಮಾಡಿ.